ಬ್ಯಾಲಂಟೈನ್‌ನಲ್ಲಿ ನಿಂತೇ ಇದ್ದ ಗೊಂಬೆಗಳು

ಶನಿವಾರ ಬೆಳಿಗ್ಗೆ ಕಾರಿನ ಹಿಂದಿನ ಸೀಟಿನಲ್ಲಿ ಮೊಸರನ್ನದ ಡಬ್ಬಿ, ಕಾಫಿಯ ಫ್ಲಾಸ್ಕ್, ನನ್ನ ಶಾಲು, ಇವರ ಮಾತ್ರೆಯ ಚೀಲ ಇಟ್ಟುಬಿಟ್ಟರೆ ನಮ್ಮ ವೀಕೆಂಡ್ ಶುರು. ಮದುವೆಯಾದ ಹೊಸತರಲ್ಲಿ ಇಂಗ್ಲೆಂಡಿನಲ್ಲಿದ್ದಾಗ ಹತ್ತಿದ ಚಟ, ಎಪ್ಪತ್ತು ದಾಟಿದ ಮೇಲೂ ಬಿಟ್ಟಿಲ್ಲ. ನಮಗೆ ಮಕ್ಕಳಿಲ್ಲ. ಸೆಂಟರ್‌ವಿಲ್‌ನ ನಮ್ಮ ಟೌನ್‌ಹೌಸಿನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಇವರು ಕ್ರಾಸ್‌ವರ್ಡ್ ತುಂಬುತ್ತಾರೆ, ನಾನು ಲೈಬ್ರರಿಗೆ ಹೋಗಿ ಬರುತ್ತೇನೆ, ಸಂಜೆ ಇಬ್ಬರೂ ಕೆರೆಯ ಸುತ್ತ ಒಂದು ವಾಕ್ ಮಾಡಿ, ಹೊಸದಾಗಿ ಬಂದ ಬಾತುಕೋಳಿಗಳ ಬಗ್ಗೆ ವಾದ ಮಾಡುತ್ತೇವೆ. ಶನಿವಾರ ಬಂತೆಂದರೆ ಎಲ್ಲಿಗಾದರೂ ಹೊರಡಲೇಬೇಕು.

ಇಂಗ್ಲೆಂಡಿನಲ್ಲಿ ನಾವು ಇಬ್ಬರಲ್ಲ, ನಾಲ್ವರು. ಒಂದೇ ಹಳೆಯ ಮನೆಯ ಕೆಳಗಿನ ಭಾಗ ನಮ್ಮದು, ಮೇಲಿನದು ಇನ್ನೊಂದು ಜೋಡಿಯದು. ಗಂಡ ಆಸ್ಪತ್ರೆಯಲ್ಲಿ ಮೂಳೆಯ ಸರ್ಜರಿ ಕಲಿಯುತ್ತಿದ್ದ ಧಾರವಾಡದ ಕಡೆಯ ಡಾಕ್ಟರು. ಅವರ ಹೆಂಡತಿ ನನ್ನ ಹಾಗೆಯೇ ಮೈಸೂರಿನವಳು, ನನ್ನ ಹಾಗೆಯೇ ಕಾನ್ವೆಂಟಿನ ಸಿಸ್ಟರ್‌ಗಳ ಕೈಕೆಳಗೆ ಓದಿದವಳು. ಶುಕ್ರವಾರ ಸಂಜೆ ಅವಳು ರೈಲ್ವೆ ಟೈಮ್‌ಟೇಬಲ್ ಹಿಡಿದು ಮೆಟ್ಟಿಲಿಳಿದು ಬಂದಳೆಂದರೆ ಮಾರನೆಯ ದಿನ ನಾವೆಲ್ಲ ಯಾವುದೋ ಸಮುದ್ರತೀರದಲ್ಲಿ ಚಳಿಗೆ ನಡುಗುತ್ತ ಒಗ್ಗರಣೆ ಅವಲಕ್ಕಿ ತಿನ್ನುತ್ತಿರುತ್ತಿದ್ದೆವು. ಹಡಗಿನಲ್ಲಿ ಬೆಲ್ಜಿಯಂಗೆ ಹೋದೆವು, ಪ್ಯಾರಿಸ್‌ಗೆ ಹೋಗಿ ದುಡ್ಡು ಸಾಲದೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. ನಾಲ್ವರೂ ಒಟ್ಟಿಗಿರುವ ಫೋಟೋ ಒಂದೂ ಇಲ್ಲ. ಯಾರಾದರೊಬ್ಬರ ಕೈಯಲ್ಲಿ ಕ್ಯಾಮೆರಾ ಇರುತ್ತಿತ್ತಲ್ಲ.

ಆಮೇಲೆ ಒಬ್ಬರ ಹಿಂದೆ ಒಬ್ಬರು ಅಮೆರಿಕಕ್ಕೆ ಬಂದೆವು. ಅವರು ಕೆರೊಲಿನಾದ ಷಾರ್ಲಟ್ ಊರಿನ ಬ್ಯಾಲಂಟೈನ್‌ನಲ್ಲಿ ಮನೆ ಕಟ್ಟಿಸಿಕೊಂಡರು, ನಾವು ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ನಿಂತೆವು. ನಡುವೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ಡ್ರೈವ್. ದಸರೆಗೆ ಮಾತ್ರ ನಾವು ತಪ್ಪದೆ ಅವರ ಮನೆಗೆ ಹೋಗುತ್ತಿದ್ದೆವು, ಗೊಂಬೆ ನೋಡಲು.

ಮೈಸೂರಿನ ಕಡೆಯ ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ತಾಯಿ ಒಂದು ಜೊತೆ ಪಟ್ಟದ ಗೊಂಬೆ ಕೊಡುತ್ತಾಳೆ. ಕೆಂಪು ಮರದ ರಾಜ, ರಾಣಿ. ನವರಾತ್ರಿಯ ಮೊದಲ ದಿನ ಅವರನ್ನು ಪೆಟ್ಟಿಗೆಯಿಂದ ಎಬ್ಬಿಸಿ, ಹೊಸ ಬಟ್ಟೆ ಉಡಿಸಿ, ಮೆಟ್ಟಿಲುಗಳ ತುದಿಯಲ್ಲಿ ನಿಲ್ಲಿಸಬೇಕು. ಕೆಳಗಿನ ಮೆಟ್ಟಿಲುಗಳಲ್ಲಿ ಬೇರೆ ಗೊಂಬೆಗಳು. ವಿಜಯದಶಮಿಯ ದಿನ ಆರತಿಯಾದ ಮೇಲೆ ರಾಜರಾಣಿಯರನ್ನು ಮಲಗಿಸಬೇಕು. ಅಲ್ಲಿಗೆ ಹಬ್ಬ ಮುಗಿಯಿತು. ಮಾರನೆಯ ದಿನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮತ್ತೆ ಪೆಟ್ಟಿಗೆಗೆ. ನಿಂತ ಗೊಂಬೆಯನ್ನು ಹಾಗೇ ಬಿಡುವುದಿಲ್ಲ. ಬಿಟ್ಟರೆ ಏನಾಗುತ್ತದೆ ಎಂದು ನನ್ನ ತಾಯಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡಾಕ್ಟರ ಮನೆತನದಲ್ಲಿ ಈ ಪದ್ಧತಿ ಇಲ್ಲ. ಅವರಿಗೆ ಇದು ವರ್ಷಕ್ಕೊಮ್ಮೆಯ ತಮಾಷೆ.

"ನೋಡ್ರಿ ವೈನಿ," ಎನ್ನುತ್ತಿದ್ದರು. ಗೆಳೆಯನ ಹೆಂಡತಿಯನ್ನು ಅವರ ಕಡೆ ಅತ್ತಿಗೆಯ ಲೆಕ್ಕದಲ್ಲಿ ಹಾಗೆ ಕರೆಯುತ್ತಾರೆ. "ಇಷ್ಟ್ ಮಂದಿ ಬಂದು ನಮ್ಮನ್ಯಾಗ ನಿಲ್ತಾರ. ಚಾ ಕೇಳಂಗಿಲ್ಲ, ಬಾತ್‌ರೂಮ್ ಕೇಳಂಗಿಲ್ಲ. ನಿಮ್ಮ ಯಜಮಾನ್ರಿಗಿಂತ ಛಲೋ ಅತಿಥಿಗಳು."

"ಮುಟ್ಟಬೇಡಿ ಅಂದೆ," ಎಂದು ಅವಳು ಅಡುಗೆಮನೆಯಿಂದ ಕೂಗುತ್ತಿದ್ದಳು. "ನೀವು ಮುಟ್ಟಿದ್ರೆ ರಾಣಿ ಕೈ ಮುರಿಯುತ್ತೆ, ಆಮೇಲೆ ನೀವೇ ಆಪರೇಷನ್ ಮಾಡ್ತೀನಿ ಅಂತ ಕೂತ್ಕೋತೀರ."

ಎರಡು ಸಾವಿರದ ಇಪ್ಪತ್ತರ ದಸರೆಗೆ ಯಾರೂ ಎಲ್ಲಿಗೂ ಹೋಗಲಿಲ್ಲ. ಅವಳು ಐಪ್ಯಾಡ್ ಎತ್ತಿಕೊಂಡು ಒಂದೊಂದೇ ಮೆಟ್ಟಿಲಿನ ಮುಂದೆ ಹಿಡಿದಳು. ಕೆಳಗಿನ ಮೆಟ್ಟಿಲಿನಲ್ಲಿ ಅಂಗಡಿಯ ಶೆಟ್ಟಿ ಮತ್ತು ಅವನ ಹೆಂಡತಿ, ಮುಂದೆ ಪುಟ್ಟ ಪುಟ್ಟ ಗುಡ್ಡೆಗಳಲ್ಲಿ ಅಕ್ಕಿ, ಬೇಳೆ, ಹೆಸರುಕಾಳು. "ನೋಡೇ, ಪ್ಯಾಂಡೆಮಿಕ್‌ನಲ್ಲೂ ಇವನ ಅಂಗಡಿ ಓಪನ್," ಎಂದು ನಕ್ಕಳು. ಅದಾದ ಮೂರು ದಿನಕ್ಕೆ, ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ, ಅಡುಗೆಮನೆಯಲ್ಲಿ ನಿಂತಲ್ಲೇ ಕುಸಿದಳು. ಕೋವಿಡ್ ಅಲ್ಲ, ಹಾರ್ಟ್. ಅವಳ ಅಂತ್ಯಕ್ರಿಯೆಯನ್ನು ನಾವು ಸೆಂಟರ್‌ವಿಲ್‌ನ ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಯಾರದೋ ಮೈಕ್ ಆನ್ ಆಗಿತ್ತು, ಎಲ್ಲಿಂದಲೋ ಕುಕ್ಕರ್ ಕೂಗಿತು. ಆ ಗದ್ದಲದಲ್ಲಿ ಯಾರಿಗೂ ಗೊಂಬೆಗಳ ನೆನಪಾಗಲಿಲ್ಲ.

ಇಬ್ಬರಿಗೂ ಎರಡೂ ಲಸಿಕೆ ಆದ ಮೇಲೆ, ಮುಂದಿನ ವಸಂತದಲ್ಲಿ ಹೊರಟೆವು. ಆ ತಿಂಗಳಲ್ಲಿ ಕೆರೊಲಿನಾದ ಪೈನ್ ಮರಗಳು ಹಳದಿ ಹುಡಿ ಉದುರಿಸುತ್ತವೆ. ಅವರ ಡ್ರೈವ್‌ವೇ, ಬಾಗಿಲ ಮುಂದಿನ ಕುರ್ಚಿ, ಪೋಸ್ಟ್‌ಬಾಕ್ಸ್, ಎಲ್ಲದರ ಮೇಲೂ ಅರಿಶಿನ ಚೆಲ್ಲಿದ ಹಾಗಿತ್ತು. ಡಾಕ್ಟರು ಬಾಗಿಲು ತೆರೆದರು. ತೆಳ್ಳಗಾಗಿದ್ದರು.

"ಬರ್ರಿ ವೈನಿ, ಒಳಗ ಬರ್ರಿ. ಚಪ್ಪಲ್ ಅಲ್ಲೇ ಬಿಡ್ರಿ, ಆ ಹಳದಿ ಒಳಗ ತರಬ್ಯಾಡ್ರಿ."

ಒಳಗೆ ಕಾಲಿಟ್ಟವಳು ಅಲ್ಲೇ ನಿಂತೆ. ಫ್ಯಾಮಿಲಿ ರೂಮಿನಲ್ಲಿ ಗೊಂಬೆಗಳು ನಿಂತಿದ್ದವು. ಅವಳು ಐಪ್ಯಾಡಿನಲ್ಲಿ ತೋರಿಸಿದ ಹಾಗೆಯೇ, ಅದೇ ಕ್ರಮದಲ್ಲಿ. ತುದಿಯಲ್ಲಿ ರಾಜ, ರಾಣಿ. ಮಗ್ಗುಲಲ್ಲಿ ಅವಳು ಹತ್ತುತ್ತಿದ್ದ ಪುಟ್ಟ ಸ್ಟೂಲು. ಅದರ ಮೇಲೆ ಅವಳ ಓದುವ ಕನ್ನಡಕ. ಹೊರಗೆ ಊರೆಲ್ಲ ಹುಡಿ, ಇಲ್ಲಿ ಒಂದು ಕಣ ಧೂಳಿಲ್ಲ. ನನ್ನ ತೋಳಿನ ಕೂದಲು ಎದ್ದು ನಿಂತವು. ಕಾನ್ವೆಂಟಿನಲ್ಲಿ ದೆವ್ವಗಳನ್ನು ನಂಬುವುದು ಮೂಢತನ ಎಂದು ಕಲಿಸಿದ ಸಿಸ್ಟರ್‌ಗಳೇ ದಿನಕ್ಕೆ ಹತ್ತು ಸಲ ಹೋಲಿ ಘೋಸ್ಟ್ ಹೆಸರಿನಲ್ಲಿ ಹಣೆ ಎದೆ ಮುಟ್ಟಿಕೊಳ್ಳುತ್ತಿದ್ದರು. ಹಾಗಾಗಿ ಆ ವಿಷಯದಲ್ಲಿ ನನಗೆ ಎಂದೂ ಒಂದು ಪ್ರಾಪರ್ ಅಭಿಪ್ರಾಯ ಬೆಳೆಯಲೇ ಇಲ್ಲ.

ಶೆಟ್ಟಿಯ ಮುಂದಿನ ಅಕ್ಕಿ ಬೆಳ್ಳಗೆ ಹೊಸದಾಗಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಡಾಕ್ಟರು ಹೇಳಿದರು, "ಹಳೇದಕ್ಕ ಹುಳ ಬಿದ್ದಿತ್ರಿ. ವ್ಯಾಪಾರಸ್ಥ, ಹುಳದ ಅಕ್ಕಿ ಇಟ್ಟು ಕೂಡ್ಲಿಕ್ಕೆ ಆಗ್ತದೇನು. ಆಗಾಗ ಬದ್ಲಿ ಮಾಡ್ತೀನಿ."

"ಡಾಕ್ಟ್ರೇ, ಇವನ್ನ ಎತ್ತಿಡ್ಲಾ?" ಎಂದೆ.

"ಇರ್ಲಿ ಬಿಡ್ರಿ." ಅಷ್ಟೇ ಅಂದು ಚಹಾ ಮಾಡಲು ಒಳಗೆ ಹೋದರು. ದುಃಖ ಇನ್ನೂ ಹಸಿ, ಬಲವಂತ ಬೇಡ ಎಂದುಕೊಂಡು ನಾನೂ ಸುಮ್ಮನಾದೆ.

ಅಲ್ಲಿಂದ ಮುಂದೆ ನಮ್ಮ ವೀಕೆಂಡುಗಳು ಬೇರೆ ಎಲ್ಲಿಗೂ ತಿರುಗಲಿಲ್ಲ. ತಿಂಗಳಿಗೊಮ್ಮೆಯಾದರೂ ಬ್ಯಾಲಂಟೈನ್. ಇವರು ಬೀಚ್ ಎನ್ನುತ್ತಿದ್ದರು, ಬ್ಲೂ ರಿಡ್ಜ್ ಬೆಟ್ಟಗಳಲ್ಲಿ ಎಲೆಗಳು ಕೆಂಪಾಗಿವೆ ಎನ್ನುತ್ತಿದ್ದರು, ಕೊನೆಗೆ ಕಾರು ತನ್ನಷ್ಟಕ್ಕೆ ಷಾರ್ಲಟ್ ಕಡೆಯ ಹೈವೇ ಐ-85 ಹಿಡಿಯುತ್ತಿತ್ತು. ದಾರಿಯ ರೆಸ್ಟ್ ಏರಿಯಾದಲ್ಲಿ ಕಲ್ಲಿನ ಮೇಜಿನ ಮೇಲೆ ಮೊಸರನ್ನದ ಡಬ್ಬಿ ತೆರೆದಾಗ ಎಷ್ಟೋ ಸಲ ನಾಲ್ಕು ತಟ್ಟೆ ತೆಗೆದಿಟ್ಟಿದ್ದೇನೆ. ಇವರು ಎರಡನ್ನು ಮತ್ತೆ ಚೀಲದೊಳಗೆ ಹಾಕುತ್ತಿದ್ದರು. ಸೆಂಟರ್‌ವಿಲ್‌ನಲ್ಲಿದ್ದಾಗಲೂ ಅವಳು ಬಿಡುತ್ತಿರಲಿಲ್ಲ. ಇಂಡಿಯನ್ ಸ್ಟೋರಿನಲ್ಲಿ ಕರಿಬೇವು ಮೂಸುತ್ತ ನಿಂತ ಹೆಂಗಸಿನ ಬೆನ್ನು ಕಂಡರೆ ಸಾಕು, ಅವಳ ಹೆಸರು ಬಾಯಿಗೆ ಬರುತ್ತಿತ್ತು. ಡಾಕ್ಟರು ಅವಳ ಫೋನಿನಿಂದಲೇ ಕರೆ ಮಾಡುತ್ತಿದ್ದರು. ಪ್ರತಿ ಸಲ ಅವಳ ನಗುಮುಖ ನನ್ನ ಸ್ಕ್ರೀನಿನ ಮೇಲೆ ಬೆಳಗುತ್ತಿತ್ತು, ಪ್ರತಿ ಸಲ ಒಂದು ಗಳಿಗೆ ನಾನು ನಂಬಿಬಿಡುತ್ತಿದ್ದೆ.

ರಾಣಿ ತಿರುಗಿದ್ದನ್ನು ನಾನು ಗಮನಿಸಿದ್ದು ಮೊದಲ ಚಳಿಗಾಲದಲ್ಲಿ. ರಾಜ ನೆಟ್ಟಗೆ ನಮ್ಮ ಕಡೆ ನೋಡುತ್ತಿದ್ದ. ಅವಳು ಮಾತ್ರ ಒಂದಿಷ್ಟು ಎಡಕ್ಕೆ, ಅಡುಗೆಮನೆಯ ಕಡೆಗೆ ಹೊರಳಿದ್ದಳು. ನಾನು ಸರಿ ಮಾಡಿದೆ. ಮುಂದಿನ ತಿಂಗಳು ಹೋದಾಗ ಮತ್ತೆ ಅಡುಗೆಮನೆಯ ಕಡೆ.

"ನೀವು ತಿರುಗಿಸಿದ್ರಾ?" ಎಂದು ಡಾಕ್ಟರನ್ನು ಕೇಳಿದೆ.

"ನಾ ತಿರುಗ್ಸಿಲ್ಲ."

ಅವರು ಸುಳ್ಳು ಹೇಳುವವರಲ್ಲ. ಆ ಮಧ್ಯಾಹ್ನ ಮೇಲಿನ ಗೆಸ್ಟ್ ರೂಮಿನಲ್ಲಿ ಮಲಗಿದವಳಿಗೆ ಕಣ್ಣು ಮುಚ್ಚಲಾಗಲಿಲ್ಲ. ಕೆಳಗೆ ಯಾರೋ ಡ್ರಾಯರ್ ಎಳೆದು, ಚಮಚ ಹುಡುಕಿ, ಮುಚ್ಚಿದ ಹಾಗೆ. ಡಾಕ್ಟರು ಹೊರಗೆ ಇವರ ಜೊತೆ ವಾಕ್ ಹೋಗಿದ್ದರು. ನಾನು ಇಳಿದು ಹೋಗಿ ನೋಡಲಿಲ್ಲ. ಹೆದರಿ ಅಲ್ಲ. ನೋಡಿದರೆ ಯಾರೂ ಇರುವುದಿಲ್ಲವಲ್ಲ, ಅದು ಬೇಡವಾಗಿತ್ತು.

ನಮ್ಮವರು ಎಂಜಿನಿಯರ್. ವಾಕ್ ಮುಗಿಸಿ ಬಂದು, ನಾನು ಹೇಳಿದ್ದನ್ನು ಕೇಳಿ, ಮೊಣಕಾಲೂರಿ ಮೆಟ್ಟಿಲುಗಳ ಹಿಂದೆಲ್ಲ ಕೈಯಾಡಿಸಿದರು. "ಇಲ್ಲಿ ಕೆಳಗೆ ಹೀಟಿಂಗ್ ವೆಂಟ್ ಇದೆ ಕಣೇ. ಗಾಳಿ ಬಂದಾಗಲೆಲ್ಲ ಹಲಗೆ ಅದುರುತ್ತೆ. ರಾಣಿ ಪೀಠ ಒಂದು ಕಡೆ ಸವೆದಿದೆ, ಅದಕ್ಕೇ ತಿರುಗ್ತಾಳೆ. ಸಿಂಪಲ್ ವೈಬ್ರೇಷನ್." ಒಂದು ಟಿಶ್ಯೂವನ್ನು ಮಡಿಸಿ ಅವಳ ಕಾಲಡಿಗೆ ಕೊಟ್ಟರು. "ಇನ್ನು ಅಲ್ಲಾಡಲ್ಲ."

ಮುಂದಿನ ಸಲ ಹೋದಾಗ ಟಿಶ್ಯೂ ಇರಲಿಲ್ಲ. ರಾಣಿ ಪೂರ್ತಿ ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿದ್ದಳು.

"ಡಾಕ್ಟ್ರೇ, ನನ್ನ ಎಂಜಿನಿಯರಿಂಗ್ ಎಲ್ಲಿ ಹೋಯ್ತು?" ಎಂದರು ಇವರು.

"ಟಿಶ್ಯೂ ನಾನ ತಗದೆ," ಎಂದರು ಡಾಕ್ಟರು. "ವೆಂಟ್‌ನ ಗಾಳಿಗೆ ತಿರಗ್ತಾಳ ಅಂತ ನನಗೂ ಗೊತ್ತದ, ಎಂಜಿನಿಯರ್ ಸಾಹೇಬ್ರ. ಆದ್ರ ತಿರಗ್ತಾಳಲ್ಲ. ತಿರಗ್ಲಿ ಬಿಡ್ರಿ."

ಇವರು ವಾದ ಮಾಡುವ ಮನುಷ್ಯ. ಅವತ್ತು ಎದ್ದು ವಾಕಿಗೆ ಶೂ ಹಾಕಿಕೊಂಡರು.

ಹೀಗೆ ಎರಡು ದಸರೆ ಕಳೆದವು. ಹಬ್ಬ ಬಂದಾಗ ಎಬ್ಬಿಸುವ ಪ್ರಶ್ನೆಯೇ ಇರಲಿಲ್ಲ, ರಾಜರಾಣಿಯರು ಎದ್ದೇ ಇದ್ದರಲ್ಲ. ನಾನು ನನ್ನ ಮನೆಯಲ್ಲೂ ಗೊಂಬೆ ಇಡುವುದನ್ನು ನಿಲ್ಲಿಸಿದೆ. ಯಾಕೆ ಎಂದು ಇವರು ಕೇಳಿದಾಗ ಬೆನ್ನುನೋವು ಎಂದೆ. ನಿಜವೆಂದರೆ, ಬ್ಯಾಲಂಟೈನ್‌ಗೆ ಹೋದಾಗ ಅವಳ ಮನೆಗೆ ಹೋದ ಹಾಗೆ ಅನಿಸುತ್ತಿತ್ತು, ಡಾಕ್ಟರ ಮನೆಗಲ್ಲ. ನನಗೆ ಅದು ಬೇಕಾಗಿತ್ತು.

ಮೂರನೆಯ ಬೇಸಿಗೆಯಲ್ಲಿ ಡಾಕ್ಟರ ಮಗಳು ಫೋನ್ ಮಾಡಿದಳು. ಅಟ್ಲಾಂಟಾದ ಹತ್ತಿರ ಲಾರೆನ್ಸ್‌ವಿಲ್‌ನಲ್ಲಿ ಅವಳ ಸಂಸಾರ. ಇಲ್ಲೇ ಬೆಳೆದವಳು, ಅರ್ಧ ಕನ್ನಡ ಅರ್ಧ ಇಂಗ್ಲಿಷ್.

"ಆಂಟಿ, ಡ್ಯಾಡಿ ಬಿದ್ದುಬಿಟ್ರು. ಮಮ್ಮಿ ಸ್ಟೂಲ್ ಮೇಲೆ ಹತ್ತಿ ಡಾಲ್ಸ್ ಡಸ್ಟ್ ಮಾಡ್ತಿದ್ರಂತೆ. ಎಡಗೈ ರಿಸ್ಟ್ ಫ್ರ್ಯಾಕ್ಚರ್. ಒಂದು ದಿನ ಪೂರ್ತಿ ಯಾರಿಗೂ ಹೇಳಿಲ್ಲ. ನಾನು ಕರ್ಕೊಂಡು ಹೋಗ್ಬೇಕು, ಆಂಟಿ. ರೂಮ್ ರೆಡಿ ಮಾಡಿದ್ದೀನಿ. ಅವರು ಬರಲ್ಲ. ಗೊಂಬೆ ನಿಂತಿರೋವಾಗ ಮನೆ ಬಿಡಲ್ಲ ಅಂತಾರೆ. ಸರಿ, ಪ್ಯಾಕ್ ಮಾಡೋಣ ಅಂದ್ರೆ ಮುಟ್ಟಬೇಡ ಅಂತಾರೆ. ವಾಟ್ ಡು ಐ ಡು? ಇನ್ನೊಂದು ಸಲ ಬಿದ್ರೆ?"

ಆ ಶನಿವಾರ ನಾವು ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ.

ಡಾಕ್ಟರು ಕೈಗೆ ಪಟ್ಟಿ ಕಟ್ಟಿಕೊಂಡು ಗೊಂಬೆಗಳ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಮಗಳು ಅವರ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬುತ್ತಿದ್ದಳು. ಬೆಳಿಗ್ಗೆಯಿಂದ ಅವಳು ತುಂಬುವುದು, ಅವರು ಒಂದು ಕೈಯಲ್ಲಿ ತೆಗೆದು ಮತ್ತೆ ಕಪಾಟಿನಲ್ಲಿಡುವುದು ನಡೆದಿತ್ತಂತೆ.

"ಎಲುಬಿನ ಡಾಕ್ಟ್ರಿಗೇ ಎಲುಬು ಮುರೀತು, ನಗ್ರಿ ಈಗ," ಎಂದರು ಇವರನ್ನು ನೋಡಿ.

"ನಗ್ತೀನಿ, ಮೊದಲು ಕೂತ್ಕೋತೀನಿ," ಎಂದರು ಇವರು.

ನಾನು ಡಾಕ್ಟರ ಪಕ್ಕದಲ್ಲಿ ಕೂತೆ. ಮೂರು ವರ್ಷದಲ್ಲಿ ಕೇಳದೇ ಬಿಟ್ಟ ಮಾತನ್ನು ಆಗ ಕೇಳಿದೆ. "ಯಾಕೆ ಎತ್ತಿಡಬಾರದು ಡಾಕ್ಟ್ರೇ?"

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. "ನಿಮಗ ಗೊತ್ತಿಲ್ಲೇನು? ನಿಮ್ಮ ಕಡೆಯ ಶಾಸ್ತ್ರ ಅಲ್ಲ ಅದು? ಇಟ್ಟಾಕಿನೇ ಮಲಗಸಬೇಕು. ಪ್ರತಿ ವರ್ಷ ಆಕಿ ಹೇಳ್ತಿದ್ಲು. ನಾ ಕೈ ಹಚ್ಚಲಿಕ್ಕೆ ಹೋದ್ರ, ‘ನಾನು ಇಟ್ಟಿದ್ದು, ನಾನೇ ಮಲಗಿಸಬೇಕು, ನೀವು ಸರೀರಿ’ ಅಂತಿದ್ಲು. ಈ ಸಲ ಇಟ್ಲು. ಮಲಗಸ್ಲಿಕ್ಕೆ ಬರ್ಲಿಲ್ಲ." ಸ್ವಲ್ಪ ತಡೆದು, "ಇನ್ನೂ ಬಂದಿಲ್ಲ," ಎಂದರು.

ಸೂಟ್‌ಕೇಸಿನ ಮುಂದೆ ಬಗ್ಗಿದ್ದ ಮಗಳು ಹಾಗೇ ನಿಂತಳು.

ಅಂಥ ಶಾಸ್ತ್ರ ಎಲ್ಲೂ ಇಲ್ಲ. ಮೈಸೂರಿನಲ್ಲಿ ನಮ್ಮ ಮನೆಯ ರಾಜರಾಣಿಯರನ್ನು ಒಂದೊಂದು ವರ್ಷ ಅಜ್ಜಿ, ಒಂದೊಂದು ವರ್ಷ ಅತ್ತೆ, ಎಲ್ಲರಿಗೂ ಸುಸ್ತಾದ ವರ್ಷ ನಾನೇ ಮಲಗಿಸಿದ್ದುಂಟು. ಅವಳು ಹಾಗೆ ಹೇಳುತ್ತಿದ್ದುದು ಡಾಕ್ಟರ ಒರಟು ಕೈಯಿಂದ ಗೊಂಬೆಗಳನ್ನು ಉಳಿಸಿಕೊಳ್ಳಲು. ಗೊಂಬೆಯ ಮನೆಯಲ್ಲಿ ಹುಟ್ಟಿದ ಗಂಡಸಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದ. ಡಾಕ್ಟರು ಬೇರೆ ಕಡೆಯವರು, ಹೆಂಡತಿಯ ಮಾತನ್ನು ಶಾಸ್ತ್ರವೆಂದು ತಿಳಿದರು, ತಿಳಿದು ಮೂರು ವರ್ಷ ಬಾಗಿಲ ಕಡೆ ನೋಡುತ್ತ ಕೂತರು.

ಹೇಳಬೇಕೋ ಬೇಡವೋ. ಹೇಳಿದರೆ ಅವರು ಈ ಮನೆ ಬಿಡಬಹುದು. ಆದರೆ ಅವಳು ಬರಬೇಕಾಗಿರುವುದೂ ಅಲ್ಲಿಗೆ ನಿಲ್ಲುತ್ತದೆ. ಅವರಿಗಷ್ಟೇ ಅಲ್ಲ, ನನಗೂ. ಇವರ ಕಡೆ ನೋಡಿದೆ. ಇವರು ಡಾಕ್ಟರ ಪಟ್ಟಿ ಕಟ್ಟಿದ ಕೈಯನ್ನೇ ನೋಡುತ್ತಿದ್ದರು. ಬೆರಳುಗಳು ಊದಿ ನೀಲಿಯಾಗಿದ್ದವು.

"ಅದು ಶಾಸ್ತ್ರ ಅಲ್ಲ ಡಾಕ್ಟ್ರೇ," ಎಂದೆ. "ಯಾರು ಬೇಕಾದ್ರೂ ಮಲಗಿಸಬಹುದು. ನೀವು ರಾಣಿ ಕೈ ಮುರೀತೀರ ಅಂತ ಅವಳು ನಿಮಗೆ ಹಾಗೆ ಹೇಳ್ತಿದ್ದಿದ್ದು."

ನನ್ನ ಮೇಲೆ ಸಿಟ್ಟಾದರೆ ಆಗಲಿ ಎಂದು ಕಾದೆ.

"ಯಾರು ಬೇಕಾದ್ರೂ," ಎಂದರು ಕೊನೆಗೆ.

"ಹೂಂ."

"ಮತ್ತ ಇಷ್ಟ್ ದಿನ ಸುಮ್ಮಸುಮ್ಮನ ನಿಂದ್ರಸೀನೇನು ಇವ್ರನ್ನ?" ಎದ್ದು ಮೆಟ್ಟಿಲುಗಳ ಹತ್ತಿರ ಹೋದರು. "ಆಪರೇಷನ್ ಥಿಯೇಟರ್‌ನ್ಯಾಗ ತಾಸಗಟ್ಲೆ ನಿಂತಾಂವ ನಾನು. ನಿಂತ್ರ ಸೊಂಟ ಹೆಂಗ ಹಿಡೀತದ ನನಗ ಗೊತ್ತದ. ಪಾಪ, ಒಂದ ಮಾತಾಡ್ಲಿಲ್ಲ."

"ಡ್ಯಾಡಿ, ಸ್ಟೂಲ್ ಬೇಡ," ಎಂದು ಮಗಳು ಓಡಿಬಂದಳು. ಅವಳು ಒಂದು ಕಡೆ, ಇವರು ಇನ್ನೊಂದು ಕಡೆ ಹಿಡಿದುಕೊಂಡರು. ಡಾಕ್ಟರು ನೆಲದಿಂದಲೇ ಕೈ ಚಾಚಿ, ಒಂದೇ ಕೈಯಲ್ಲಿ ರಾಜನನ್ನು ಎತ್ತಿ, ಹಲಗೆಯ ಮೇಲೆ ಅಂಗಾತ ಮಲಗಿಸಿದರು. ಸರ್ಜನ್‌ನ ಕೈ, ಸದ್ದೇ ಆಗಲಿಲ್ಲ.

"ಇವತ್ತೇನು ದಶಮಿ ಅಲ್ಲ, ಏನಲ್ಲ. ನಡೀತದೇನ್ರಿ?"

"ದಣಿದವರು ಮಲಗೋದಕ್ಕೆ ಮುಹೂರ್ತ ಯಾಕೆ?"

"ಮಲಗಸೋ ಮುಂದ ಆಕಿ ಏನೋ ಹಾಡತಿದ್ಲು. ಹಾಡ್ರಿ ವೈನಿ."

ಗೊಂಬೆಗಳನ್ನು ತೂಗುವ ಹಾಡು. ಅಜ್ಜಿ ಹೇಳಿಕೊಡಲು ಕರೆದಾಗಲೆಲ್ಲ ನಾನು ಸ್ಕೂಲಿನ ಕಾಯರ್ ಪ್ರಾಕ್ಟೀಸಿಗೆ ಓಡಿಹೋಗುತ್ತಿದ್ದೆ. ನನಗೆ ಬರುವುದೆಲ್ಲ ಸಂಡೇ ಚರ್ಚಿನ ಹಾಡುಗಳು. "ನನಗೆ ಬರಲ್ಲ," ಎಂದೆ. ಅವರು ಮಗಳನ್ನು ನೋಡಿದರು. ಅವಳು ತಲೆಯಾಡಿಸಿದಳು, ಅವಳಿಗೂ ಬರುತ್ತಿರಲಿಲ್ಲ. ಆ ಮನೆಯಲ್ಲಿ ಹಾಡು ಬರುತ್ತಿದ್ದದ್ದು ಒಬ್ಬಳಿಗೇ.

ಆಗ ಡಾಕ್ಟರು ರಾಣಿಯನ್ನು ಎತ್ತಿದರು. ಕಿಟಕಿಯ ಕಡೆಯ ಬಿಸಿಲಿಗೆ ಅವಳ ಹಸಿರು ಸೀರೆ ಒಂದು ಮಗ್ಗುಲು ಬೆಳ್ಳಗಾಗಿತ್ತು, ಇನ್ನೊಂದು ಮಗ್ಗುಲು ಗೆಳತಿ ಉಡಿಸಿದ ದಿನದ ಹಾಗೆಯೇ ಹಸಿರು. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಎದೆಗೆ ಒತ್ತಿಕೊಳ್ಳಲಿಲ್ಲ, ಅಳಲೂ ಇಲ್ಲ. ರಾಜನ ಪಕ್ಕದಲ್ಲಿ ಮಲಗಿಸಿ, ಸೆರಗು ಸರಿಮಾಡಿ, "ಮುಗೀತು," ಎಂದರು. ಮಗಳು ಬೆನ್ನು ತಿರುಗಿಸಿ ನಿಂತು ಅತ್ತಳು. ಇವರು ಕೆಮ್ಮುತ್ತ ಅಂಗಳಕ್ಕೆ ಹೋದರು.

ಮಾರನೆಯ ದಿನ, ಭಾನುವಾರ, ಕಟ್ಟಿದೆವು. ಅವಳ ಹಳೆಯ ಮಲ್ಲಿನ ಸೀರೆಯನ್ನು ನಾನು ತುಂಡು ಮಾಡಿದೆ, ಒಂದೊಂದು ಗೊಂಬೆಗೆ ಒಂದೊಂದು. ಶೆಟ್ಟಿ ದಂಪತಿಯದಾಯಿತು, ಉಳಿದವರದಾಯಿತು. ಕೊನೆಗೆ ರಾಜನಿಗೊಂದು ತುಂಡು, ರಾಣಿಗೊಂದು ತುಂಡು ತೆಗೆದಿಟ್ಟಾಗ ಡಾಕ್ಟರು ತಡೆದರು.

"ಇಬ್ರನ್ನೂ ಒಂದರಾಗ ಸುತ್ರಿ."

"ಹಾಗೆ ಸುತ್ತಲ್ಲ ಡಾಕ್ಟ್ರೇ. ಒಬ್ಬರ ಬಣ್ಣ ಒಬ್ಬರಿಗೆ ಹತ್ತುತ್ತೆ."

"ಹತ್ಲಿ ಬಿಡ್ರಿ."

ಒಂದರಲ್ಲೇ ಸುತ್ತಿದೆ. ಪೆಟ್ಟಿಗೆಯನ್ನು ಮಗಳು ತನ್ನ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದಳು. ಡಾಕ್ಟರು ಮುಂದಿನ ಸೀಟಿನಲ್ಲಿ ಕೂತರು. ಮನೆಯ ಕಡೆ ತಿರುಗಿ ನೋಡಲಿಲ್ಲ. ಕಿಟಕಿಯ ಗಾಜು ಇಳಿಸಿ ನನ್ನನ್ನು ಹತ್ತಿರ ಕರೆದರು.

"ಮುಂದಿನ ನವರಾತ್ರಿಗೆ ಲಾರೆನ್ಸ್‌ವಿಲ್‌ಗೆ ಬರ್ರಿ. ಇವ್ರನ್ನ ನೀವ ಎಬ್ಬಸಬೇಕು."

"ಬರ್ತೀವಿ."

"ಇಬ್ರನ್ನೂ ಒಮ್ಮೆಗೇ ಎಬ್ಬಸ್ರಿ, ವೈನಿ. ಒಬ್ರು ಮೊದಲ ಎದ್ದು ಬಾಜೂಕ ಹುಡುಕೂದು ಬ್ಯಾಡ."

ಆಗಲಿ ಎಂದೆ. ಮಗಳು ಕಾರು ಹಿಂದಕ್ಕೆ ತೆಗೆದಳು.